ಪುರಸಭೆಯ ಕಿವಿಗೆ ಬಿದ್ದ ಗುಡುಗಣ್ಣ

ನಮ್ಮ ಊರಿನ ಗುಡುಗು ಮೋಡಕ್ಕಾಗಿ ಕಾಯುತ್ತಿರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿದ್ದರೂ, ಜನ ಹಲ್ಲುಜ್ಜಿ ಮುಗಿಸುವ ಹೊತ್ತಿಗೆ ಯಾವುದಾದರೊಂದು ಬೀದಿಯ ಹುಲ್ಲಿನ ಮೇಲೆ ಬಂದು ಇಳಿಯುತ್ತಿತ್ತು. ಇಳಿಸುತ್ತಿದ್ದವನು ಹುಲ್ಲು ಕತ್ತರಿಸುವ ಗುಡುಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತಂತೆ. ಆದರೆ ಆ ಹೆಸರು ಹಿಡಿದು ಕರೆದರೆ ಅವನಿಗೆ ಕೇಳಿಸಬೇಕಲ್ಲ! ಕೇಳಿಸದ ಹೆಸರು ಬಳಕೆ ತಪ್ಪಿ, ತುಕ್ಕು ಹಿಡಿದು, ಒಂದು ದಿನ ತಾನಾಗಿ ಕಳಚಿ ಬಿತ್ತು.

ಆಳು ನೋಡಿದರೆ ಗುಡುಗುವ ಪೈಕಿಯಲ್ಲ. ಗುಬ್ಬಿಯಂಥ ಮೈ, ಅದರ ಮೇಲೆ ಅವನಿಗಿಂತ ಭಾರವಾದ ಮೀಸೆ. ಮಾತು ಮೈಗಿಂತ ಸಣ್ಣದು. ಅವನ ಬಾಯಿಂದ ಒಂದು ವಾಕ್ಯ ಪೂರ್ತಿಯಾಗಿ ಹೊರಬಂದರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಬೀದಿಯವರು ವಿಚಾರಿಸಿಕೊಳ್ಳುತ್ತಿದ್ದರು. ಸದ್ದೆಲ್ಲ ಅವನ ಯಂತ್ರದ್ದು.

ಆ ಯಂತ್ರ ಅಂಗಡಿಯಿಂದ ಬಂದದ್ದಲ್ಲ, ಮಾವನ ಮನೆಯಿಂದ ಬಂದದ್ದು. ಹೆಣ್ಣು ಕೊಟ್ಟ ಮಾವ ಎಂಜಿನ್ ರಿಪೇರಿಯವನು. ನೀರೆತ್ತುವ ಪಂಪಿನ ಹೊಟ್ಟೆ, ಮೋಟಾರ್ ಸೈಕಲ್ಲಿನ ಟ್ಯಾಂಕು, ತಳ್ಳುಗಾಡಿಯ ಚಕ್ರ, ಹೀಗೆ ಸ್ವರ್ಗಸ್ಥರ ಅಂಗಾಂಗಗಳನ್ನೆಲ್ಲ ಕೂಡಿಸಿ, ಪೆಟ್ರೋಲು ಕುಡಿದು ಓಡುವ ಹುಲ್ಲಿನ ಯಂತ್ರ ಮಾಡಿ ಅಳಿಯನಿಗೆ ಉಡುಗೊರೆ ಕೊಟ್ಟಿದ್ದ. ಎಲ್ಲವನ್ನೂ ಜೋಡಿಸಿದ್ದ, ಸೈಲೆನ್ಸರ್ ಒಂದನ್ನು ಬಿಟ್ಟು. ಮಗಳನ್ನೂ ಯಂತ್ರವನ್ನೂ ಒಂದೇ ಗಾಡಿಯಲ್ಲಿ ಕಳಿಸುತ್ತಾ, "ಅಳಿಯಂದಿರೇ, ಬೆಳಗ್ಗೆ ಎದ್ದ ತಕ್ಷಣ ಎರಡನ್ನೂ ಅವಸರಪಡಿಸಬೇಡಿ. ಒಂದ್ಸಲ ಶುರುವಾದ್ರೆ ಆಮೇಲೆ ನಿಲ್ಸೋಕೆ ನನ್ನ ಕೈಲೂ ಆಗಲ್ಲ," ಎಂದನಂತೆ.

ಆ ಹಿರಿಯ ತೀರಿಕೊಂಡ ಮೇಲೆ ಗುಡುಗಣ್ಣ ಯಂತ್ರವನ್ನೇ 'ಮಾವ' ಎಂದು ಕರೆಯತೊಡಗಿದ. "ಇವತ್ತು ಮಾವಂಗೆ ಕೆಮ್ಮು." "ಮಾವ ಯಾಕೋ ಹೊಗೆ ಜಾಸ್ತಿ ಬಿಡ್ತಾ ಇದಾನೆ." "ಬರ್ತಾ ಪೆಟ್ರೋಲ್ ತರ್ಬೇಕು, ಮಾವನ ಹೊಟ್ಟೆ ಖಾಲಿ." ಊರಿಗೆ ಹೊಸದಾಗಿ ಬಂದವರು ಇದನ್ನು ಕೇಳಿ, ಈ ಮನೆಯಲ್ಲಿ ವಯಸ್ಸಾದವರನ್ನು ಹೇಗೆ ನೋಡಿಕೊಳ್ಳುತ್ತಾರಪ್ಪಾ ಎಂದು ಎದೆ ಹಿಡಿದುಕೊಂಡದ್ದುಂಟು.

ಮಾವನ ಗಂಟಲಿನ ಬಗ್ಗೆ ಹೇಳಿದರೆ ನೀವು ನಂಬುವುದಿಲ್ಲ. ಆದರೂ ಹೇಳುತ್ತೇನೆ, ನಂಬದಿದ್ದರೆ ನನಗೇನೂ ನಷ್ಟವಿಲ್ಲ. ಗುಡುಗಣ್ಣ ಹಗ್ಗ ಎಳೆದು ಮಾವನನ್ನು ಎಬ್ಬಿಸಿದರೆ ಎರಡು ಬೀದಿಯಾಚೆ ಒಲೆಯ ಮೇಲಿದ್ದ ಹಾಲು ಒಡೆಯುತ್ತಿತ್ತು. ಗೋಡೆಯ ಗಡಿಯಾರಗಳು ಹೆದರಿ ಮುಂದಕ್ಕೆ ಓಡುತ್ತಿದ್ದವು. ಹೊರಬರಲೆಂದು ಮೊಟ್ಟೆಗೆ ಕುಕ್ಕುತ್ತಿದ್ದ ಕೋಳಿಮರಿಯೊಂದು ಸದ್ದು ಕೇಳಿ, ಒಡೆದ ಚೂರನ್ನು ಒಳಗಿನಿಂದಲೇ ಎಳೆದುಕೊಂಡು ಬಾಗಿಲು ಹಾಕಿಕೊಂಡಿತು. ಪೂರ್ತಿ ಕಿವುಡಾಗಿದ್ದ ನಮ್ಮ ಅಂಚೆಯವರ ತಾಯಿ ಒಂದು ಬೆಳಗ್ಗೆ ಎದ್ದು ಕುಳಿತು, "ಯಾರೋ ಅದು ಬಾಗಿಲು ತಟ್ಟೋರು?" ಎಂದರಂತೆ.

ಗುಡುಗಿಗೆ ಮುಂಚೆ ಮಿಂಚು ಕಾಣಬೇಕಲ್ಲ. ಅದು ಅವನ ಹೆಂಡತಿ ಮಿಂಚಕ್ಕ. ಒಂದು ಕೈಯಲ್ಲಿ ತಗಡಿನ ಬಕೆಟ್ಟು, ಇನ್ನೊಂದರಲ್ಲಿ ಎಲೆ ಗೋರುವ ಕೋಲು ಹಿಡಿದು ಅವಳು ಯಾವಾಗಲೂ ಯಂತ್ರಕ್ಕೆ ಒಂದಷ್ಟು ಹೆಜ್ಜೆ ಮುಂದೆ. ಹುಲ್ಲಿನೊಳಗೆ ಅಡಗಿದ ಕಲ್ಲು, ಬಾಟಲಿ ಮುಚ್ಚಳ, ಮುರಿದ ಆಟಿಕೆ, ನಾಯಿ ಹೂತಿಟ್ಟು ಮರೆತ ಮೂಳೆ, ಎಲ್ಲವನ್ನೂ ಹೆಕ್ಕಿ ಬಕೆಟ್ಟಿಗೆ ಹಾಕುವುದು ಅವಳ ಕೆಲಸ. ಒಂದು ಕಲ್ಲು ಬಿಟ್ಟುಹೋದರೂ ಮಾವನ ಬ್ಲೇಡಿಗೆ ಸಿಕ್ಕಿ ಬಂದೂಕಿನ ಗುಂಡಿನಂತೆ ಹಾರಿ ಯಾರದಾದರೂ ಕಿಟಕಿಗೆ ಬಡಿಯುತ್ತಿತ್ತು. ಹೀಗೆ ಬೇಲಿಯೊಳಗೆ ನಡೆದೂ ನಡೆದೂ, ಯಾರ ಮನೆಯವರು ಏನು ತಿಂದು ಏನು ಬಿಸಾಡುತ್ತಾರೆ ಎಂಬುದು ಆ ಮನೆಯವರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ಮಾವ ಬಾಯಿ ತೆರೆದಾಗ ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಅದಕ್ಕೆ ಕೈಸನ್ನೆಯ ಭಾಷೆಯೊಂದನ್ನು ಬೆಳೆಸಿಕೊಂಡಿದ್ದರು. ಮುಷ್ಟಿ ತೋರಿಸಿದರೆ ಕಲ್ಲು. ಗಾಳಿಯಲ್ಲಿ ಸುತ್ತು ಬರೆದರೆ ಮರವಿದೆ, ಬಳಸಿಕೊಂಡು ಬಾ. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಜಗಳವೂ ಇದರಲ್ಲೇ ನಡೆಯುತ್ತಿತ್ತು. ಬಕೆಟ್ಟು ನೆಲಕ್ಕೆ ಕುಕ್ಕಿ ಎರಡೂ ಕೈ ಸೊಂಟಕ್ಕೆ ಹೋದರೆ, ಆ ದಿನ ಗುಡುಗಣ್ಣ ಊಟಕ್ಕೆ ತನ್ನ ದಾರಿ ತಾನು ನೋಡಿಕೊಳ್ಳಬೇಕು ಎಂದು ಅರ್ಥ. ಕೆಲಸದುದ್ದಕ್ಕೂ ಮಿಂಚಕ್ಕನ ತುಟಿಗಳು ಮಾತ್ರ ಅಲ್ಲಾಡುತ್ತಲೇ ಇರುತ್ತಿದ್ದವು. ಪಾಪ, ದಣಿವು ಮರೆಯಲು ಹಾಡು ಹೇಳಿಕೊಳ್ಳುತ್ತಾಳೆ ಎಂದು ನಾವೆಲ್ಲ ಕನಿಕರಪಡುತ್ತಿದ್ದೆವು. ಕಿವಿಗೆ ಹತ್ತಿ ತುರುಕಿಕೊಂಡು ಹಿಂದೆ ಬರುತ್ತಿದ್ದ ಗುಡುಗಣ್ಣನೂ ಹಾಗೇ ತಿಳಿದಿದ್ದ.

ಇನ್ನು ಅವನ ಕೆಲಸ. ಅವನು ಕತ್ತರಿಸಿದ ಹುಲ್ಲಿನ ಗೆರೆಯನ್ನು ನೋಡಿಯೇ ರೈಲು ಹಳಿ ಹಾಕುವವರು ಕೆಲಸ ಕಲಿತರು ಎಂದರೆ ಸ್ವಲ್ಪ ಜಾಸ್ತಿಯಾದೀತು. ಆದರೆ ಕುಡಿದು ಬರುವವರು ಅವನ ಹುಲ್ಲಿನ ಮೇಲೆ ಕಾಲಿಟ್ಟರೆ ನೆಟ್ಟಗೆ ಮನೆ ಸೇರುತ್ತಿದ್ದರು ಎಂಬುದು ನಾನು ಕಣ್ಣಾರೆ ಕಂಡದ್ದು.

ಇಂಥ ಮಾವನ ಮೇಲೆ ಮೊದಲು ದೂರು ಕೊಟ್ಟವರು ನಿವೃತ್ತ ಮೇಷ್ಟ್ರು. ಜೀವಮಾನವಿಡೀ ಮಕ್ಕಳಿಗೆ "ಗಲಾಟೆ ಮಾಡ್ಬೇಡಿ" ಎಂದು ಮೇಜು ಕುಟ್ಟಿ ಕುಟ್ಟಿ, ಆ ಮೇಜಿನ ಸದ್ದಿಗೇ ತಲೆನೋವು ಬರಿಸಿಕೊಂಡವರು. ನಿವೃತ್ತರಾದ ಮೇಲೆ ಅವರಿಗಿದ್ದ ಆಸೆ ಒಂದೇ, ಬೆಳಗಿನ ತಿಂಡಿ ಮುಗಿಸಿ ಒಂದು ಸಣ್ಣ ನಿದ್ದೆ. ಆ ನಿದ್ದೆಯ ಬಾಗಿಲಲ್ಲೇ ಮಾವ ಕೆಮ್ಮುತ್ತಿದ್ದ.

ಎರಡನೆಯ ದೂರು ಹಲ್ಲಿನ ಡಾಕ್ಟರಮ್ಮನದು. ಅವರ ಆಸ್ಪತ್ರೆಯ ಕಿಟಕಿಯ ಕೆಳಗೆ ಮಾವ ಏಕಾಏಕಿ ಎದ್ದಾಗ ಅವರ ಕೈ ಬೆಚ್ಚಿ, ಕೀಳಬೇಕಾದ ಹಲ್ಲನ್ನು ಬಿಟ್ಟು ಪಕ್ಕದ್ದು ಬಂದುಬಿಟ್ಟಿತ್ತು. ಹಲ್ಲು ಕೊಟ್ಟವನು ಏನೋ ಕೂಗಿದನಂತೆ, ಮಾವನ ಸದ್ದಿನಲ್ಲಿ ಕೇಳಿಸಲಿಲ್ಲವಂತೆ. ಈ ಡಾಕ್ಟರಮ್ಮನೇ ನಮ್ಮ ಪುರಸಭೆಯ ಅಧ್ಯಕ್ಷೆಯೂ ಆಗಿದ್ದರಿಂದ ದೂರಿಗೆ ಕಾಲು ಬಂತು. ಪೆಟ್ರೋಲಿನಿಂದ ಓಡುವ ಹುಲ್ಲಿನ ಯಂತ್ರಗಳನ್ನು ಊರಿನ ಎಲ್ಲೆಯೊಳಗೆ ಓಡಿಸಕೂಡದು ಎಂಬ ಹೊಸ ನಿಯಮದ ಕರಡು ಸಿದ್ಧವಾಗಿ, ಸಾರ್ವಜನಿಕರ ಸಭೆ ಕರೆಯಲಾಯಿತು. ಊರಿನಲ್ಲಿ ಅಂಥ ಯಂತ್ರ ಇದ್ದದ್ದು ಒಂದೇ. ಕರಡಿನಲ್ಲಿ 'ಯಂತ್ರಗಳು' ಎಂದು ಬಹುವಚನ ಹಾಕಿದ್ದು ಬಹುಶಃ ಮಾವನ ಹಿರಿತನಕ್ಕೆ ಮರ್ಯಾದೆ.

ಸಭೆ ಪುರಸಭೆಯ ಕಟ್ಟಡದ ಮೇಲಿನ ಸಭಾಂಗಣದಲ್ಲಿ. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಜನ. ಗುಡುಗಣ್ಣ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ. ಪಕ್ಕದಲ್ಲಿ ಮಿಂಚಕ್ಕ, ಬಕೆಟ್ಟಿನ ಸಮೇತ.

"ನನಗೆ ಅವನ ಮೇಲೆ ದ್ವೇಷ ಇಲ್ಲಮ್ಮಾ," ಮೇಷ್ಟ್ರು ಎದ್ದು ನಿಂತರು. "ಅವನು ನನ್ನ ಶಿಷ್ಯ. ಶಾಲೇಲಿ ಒಂದಕ್ಷರ ಮಾತಾಡಿದವನಲ್ಲ. ಅದೆಲ್ಲ ಈಗ ಬಡ್ಡಿ ಸಮೇತ ತೀರಿಸ್ತಾ ಇದಾನೆ."

ಸಭೆ ನಕ್ಕಿತು. ಗುಡುಗಣ್ಣನಿಗೆ ಅರ್ಧ ಕೇಳಿಸಿ, ಹೊಗಳಿದರು ಎಂದುಕೊಂಡು ಕೈ ಮುಗಿದ.

"ನೀವೇನು ಹೇಳ್ತೀರಪ್ಪಾ?" ಡಾಕ್ಟರಮ್ಮ ಕೇಳಿದರು. "ಈಗ ಬ್ಯಾಟರಿ ಯಂತ್ರ ಬಂದಿದೆ. ಸದ್ದೇ ಇಲ್ಲ. ಪುರಸಭೆಯೇ ತರಿಸಿ ಕೊಡುತ್ತೆ. ನಿಮ್ಮ ಕೆಲಸ ನಿಮಗೇ ಇರುತ್ತೆ. ಹಳೇದನ್ನ ಬಿಡೋಕೇನು ಕಷ್ಟ?"

ಗುಡುಗಣ್ಣ ಮೀಸೆಯೊಳಗೆ ಮಾತು ಹುಡುಕಿದ. "ಅದು ಹಳೇದಲ್ಲ ಡಾಕ್ಟರಮ್ಮ. ಅದು... ಮಾವ."

"ಯಾರ ಮಾವ?"

"ನನ್ನ ಮಾವ. ಬ್ಯಾಟರಿಗೆ ಹುಲ್ಲು ಹೆದರಲ್ಲ. ಮಾವ ಬಂದ ಅಂದ್ರೆ ಹುಲ್ಲು ತಾನೇ ನೆಟ್ಟಗೆ ನಿಲ್ಲುತ್ತೆ. ಆಮೇಲೆ ಕತ್ತರಿಸೋದು ಸುಲಭ."

ಗುಡುಗಣ್ಣನ ಜೀವನದ ಅತಿ ದೊಡ್ಡ ಭಾಷಣ ಅದು. ಮುಗಿದ ಮೇಲೆ ಅವನು ಗೋಡೆಗೆ ಒರಗಿಕೊಂಡ.

ಆರೋಗ್ಯಾಧಿಕಾರಿ ಸದ್ದು ಅಳೆಯುವ ಸಾಧನವೊಂದನ್ನು ತಂದಿದ್ದರು. ಅಳೆದೇ ಬಿಡೋಣ ಎಂದು ಎಲ್ಲರೂ ಕೆಳಗಿಳಿದು ಅಂಗಳಕ್ಕೆ ಬಂದರು. ಗುಡುಗಣ್ಣ ಹಗ್ಗ ಎಳೆದ. ಮಾವ ಎದ್ದ. ಸಾಧನದ ಮುಳ್ಳು ಒಂದೇ ನೆಗೆತಕ್ಕೆ ಕೊನೆಯ ಅಂಕಿ ಮುಟ್ಟಿ ಅಲ್ಲೇ ನಡುಗುತ್ತಾ ನಿಂತಿತು. "ಸಾಕು, ನಿಲ್ಲಿಸಿ!" ಎಂದು ಅಧಿಕಾರಿ ಕೈ ಬೀಸಿದರು. ಗುಡುಗಣ್ಣ ಅದನ್ನು ಮರ ಬಳಸಿ ಬಾ ಎಂಬ ಸನ್ನೆ ಎಂದುಕೊಂಡು ಅಧಿಕಾರಿಯನ್ನೇ ಒಂದು ಸುತ್ತು ಹಾಕಿದ. ಕೊನೆಗೆ ಮಿಂಚಕ್ಕ ಬಾಯಿಗೆ ಎರಡೂ ಕೈ ಹಿಡಿದು, "ರೀ! ನಿಲ್ಸ್ರೀ!" ಎಂದು ಒಂದು ಕೂಗು ಹಾಕಿದಳು. ಮಾವ ನಿಂತ. ಅದರ ಜೊತೆಗೆ ಸಾಧನದ ಮುಳ್ಳು ಕಳಚಿ ಗಾಜಿನೊಳಗೆ ಬಿತ್ತು. ಅದು ಬಿದ್ದದ್ದು ಮಾವನ ಸದ್ದಿಗೋ ಮಗಳ ಕೂಗಿಗೋ ಎಂಬ ಚರ್ಚೆ ಕ್ಷೌರದಂಗಡಿಯಲ್ಲಿ ಇನ್ನೂ ಮುಗಿದಿಲ್ಲ.

ಡಾಕ್ಟರಮ್ಮ ನ್ಯಾಯಸ್ಥೆ. ಅವರೊಂದು ದಾರಿ ಹೇಳಿದರು. "ಮುಂದಿನ ವಾರ ಇದೇ ಅಂಗಳದಲ್ಲಿ ನೀವೇ ಬ್ಯಾಟರಿ ಯಂತ್ರದಲ್ಲಿ ಹುಲ್ಲು ಕತ್ತರಿಸಿ ತೋರಿಸಿ. ಕೆಲಸ ನಿಮ್ಮ ಮಾವನಷ್ಟು ಚೆನ್ನಾಗಿ ಆದ್ರೆ ನಿಯಮ ಪಾಸು, ಮಾವನಿಗೆ ವಿಶ್ರಾಂತಿ. ಗೆರೆ ಸೊಟ್ಟ ಬಂದ್ರೆ ಕರಡು ಹರಿದು ಹಾಕ್ತೀವಿ, ಮಾವ ಇರ್ಲಿ. ಒಪ್ಪಿಗೆನಾ?"

ಗುಡುಗಣ್ಣ ಒಪ್ಪಿದ. ಒಪ್ಪಿ ಹೊರಗೆ ಬಂದವನು ನೇರ ಕ್ಷೌರದಂಗಡಿಗೆ ಬಂದು ಕುಸಿದು ಕೂತ.

"ಅಯ್ಯೋ ಮಂಕೇ, ಇದರಲ್ಲಿ ಯೋಚನೆ ಏನಿದೆ?" ಕ್ಷೌರದವನು ಕತ್ತರಿ ಆಡಿಸುತ್ತಲೇ ಹೇಳಿದ. ಇವನು ಗುಡುಗಣ್ಣನ ಬಾಲ್ಯದ ಗೆಳೆಯ. "ಸೊಟ್ಟ ಹೊಡಿ. ಒಂದೇ ಒಂದು ಗೆರೆ. ಮಾವ ಉಳೀತಾನೆ."

"ನಂಗೆ ಸೊಟ್ಟ ಬರಲ್ವಲ್ಲೋ."

"ಅದೇನು ಕಲೀಬೇಕಾದ ವಿದ್ಯೆನಾ? ನಾನು ಒಂದ್ಸಲ ಸೀನಿ, ಒಬ್ಬನ ಕಿವಿ ಹಿಂದೆ ಸೊಟ್ಟ ಹೊಡೆದುಬಿಟ್ಟೆ. ಆ ತಿಂಗಳು ಊರ ಹುಡುಗರೆಲ್ಲ ಬಂದು 'ಅದೇ ಥರ ಮಾಡಣ್ಣಾ' ಅಂದ್ರು. ನೀನೂ ಕಣ್ಣು ಮುಚ್ಕೊಂಡು ಸೀನು."

ಗುಡುಗಣ್ಣ ಮನೆಗೆ ಹೋಗಿ ಹಿತ್ತಲಿನ ನೆಲದ ಮೇಲೆ ಕೋಲಿನಿಂದ ಸೊಟ್ಟ ಗೆರೆ ಎಳೆದು ಅಭ್ಯಾಸ ಮಾಡಿದ. ಕೋಲು ಹೊರಟಲ್ಲಿಂದ ನೆಟ್ಟಗೆ ಹೋಗಿ ನಿಲ್ಲುತ್ತಿತ್ತು. ಎಡಗೈಯಲ್ಲಿ ಹಿಡಿದ, ನೆಟ್ಟಗೆ. ಬೆನ್ನು ಹಾಕಿ ನಡೆದ, ಇನ್ನೂ ನೆಟ್ಟಗೆ. ಅವನ ಮನೆ ಎರಡು ಕೋಣೆಯದು, ಹಿಂದೊಂದು ತಗಡಿನ ಶೆಡ್ಡು. ಶೆಡ್ಡಿನೊಳಗೆ ಮಾವ ಹಳೆಯ ಕಂಬಳಿ ಹೊದ್ದು ಮಲಗಿದ್ದ. ಸಂಜೆ ಮಿಂಚಕ್ಕ ಅಲ್ಲಿ ಕೂತು ಚಿಂದಿಯಿಂದ ಟ್ಯಾಂಕು ಒರೆಸುತ್ತಿದ್ದಳು.

"ರೀ, ಅಪ್ಪನ್ನ ಬಿಟ್ಕೊಟ್ಬಿಟ್ಟೀರಾ, ಹುಷಾರು," ಎಂದಳು. ಆ ಮನೆಯ ಪಿಸುಮಾತು ಇಡೀ ಬೀದಿಗೆ ಕೇಳಿಸುತ್ತಿತ್ತು, ಆದ್ದರಿಂದ ನಾನು ಕದ್ದು ಕೇಳಿದ್ದಲ್ಲ. "ಕೊನೇ ಗೆರೆ ಇದೆಯಲ್ಲ, ಹೂವಿನ ಪಾತಿ ಹತ್ರ, ಅಲ್ಲಿ ಒಂದು ಸಲ ಸೊಂಟ ತಿರುಗಿಸಿ. ಸಾಕು."

"ಹೂಂ," ಎಂದ ಗುಡುಗಣ್ಣ.

ಪರೀಕ್ಷೆಯ ಬೆಳಗ್ಗೆ ಪುರಸಭೆಯ ಮೆಟ್ಟಿಲ ಮೇಲೆ ಜನವೋ ಜನ. ಮುಂದಿನ ಸಾಲಿನಲ್ಲಿ ಡಾಕ್ಟರಮ್ಮ, ಮೇಷ್ಟ್ರು, ಆರೋಗ್ಯಾಧಿಕಾರಿ. ಹೊಸ ಯಂತ್ರ ಹಸಿರು ಬಣ್ಣದ್ದು, ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ನುಣ್ಣಗಿತ್ತು. ಗುಡುಗಣ್ಣ ಅದರ ಸುತ್ತ ಎರಡು ಸಲ ತಿರುಗಿದ, ಬಗ್ಗಿ ಹೊಟ್ಟೆ ತಡವಿದ. ಎಳೆಯಲು ಹಗ್ಗವೇ ಇಲ್ಲ. ಆರೋಗ್ಯಾಧಿಕಾರಿ ಬಂದು ಗುಂಡಿ ತೋರಿಸಿಕೊಟ್ಟರು. ಗುಡುಗಣ್ಣ ಅದನ್ನು ಮೆಲ್ಲಗೆ ಒತ್ತಿದ, ಕಿವಿಗೆ ಹತ್ತಿ ತುರುಕಿಕೊಂಡ, ಹೊರಟ. ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಗಂಭೀರವಾಗಿ ತಳ್ಳಿಕೊಂಡು ಹೋಗಿ, ತಿರುಗಿ ನೋಡಿದರೆ ಹುಲ್ಲು ಹಾಗೇ ನಿಂತಿತ್ತು.

"ಶುರುವೇ ಆಗಿಲ್ಲ ಕಣಯ್ಯಾ ಅದು!" ಮೇಷ್ಟ್ರು ಕೂಗಿದರು.

ಮಾವನಾಗಿದ್ದರೆ ಅಂಗೈ ಜುಮ್ಮೆಂದು, ಹಲ್ಲು ಕಟಕಟ ಎಂದು, ಬದುಕಿದ್ದಾನೆಂದು ತಿಳಿಯುತ್ತಿತ್ತು. ಇದು ಓಡುತ್ತಿದೆಯೋ ಮಲಗಿದೆಯೋ ಕೈಗೆ ಹೇಗೆ ತಿಳಿಯಬೇಕು? ಕಿವಿಯಿಂದಲಾದರೂ ತಿಳಿಯಲಿ ಎಂದು ಗುಡುಗಣ್ಣ ಹತ್ತಿ ಕಿತ್ತು ಜೇಬಿಗೆ ಹಾಕಿಕೊಂಡು, ಮತ್ತೆ ಗುಂಡಿಯನ್ನು ಗಟ್ಟಿಯಾಗಿ ಒತ್ತಿದ. ಈ ಸಲ ಯಂತ್ರ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಹೊರಟಿತು. ಹುಲ್ಲು ತುಂಡಾಗಿ ಬೀಳತೊಡಗಿತು. ಮೊದಲ ಗೆರೆ ನೂಲು ಹಿಡಿದು ಎಳೆದಂತೆ ಬಂತು.

ಮುಂದೆ ಮಿಂಚಕ್ಕ. ಹಿಂದೆ ಯಂತ್ರ ಹೊರಟಿತು ಎಂದು ಕಂಡ ಕೂಡಲೇ ಅವಳ ಕಾಲು ಹೆಜ್ಜೆ ಹಾಕಿತು, ಕೈ ಬಕೆಟ್ಟು ಎತ್ತಿತು, ಜೊತೆಗೆ ಬಾಯಿ ತಾನಾಗಿ ತೆರೆದುಕೊಂಡಿತು. ಜೀವಮಾನದ ಅಭ್ಯಾಸ. ಮಾವನ ಮರೆ ಇಲ್ಲ ಎಂಬುದು ಬಾಯಿಗೆ ಯಾರೂ ಹೇಳಿರಲಿಲ್ಲ. ಮಾವನ ಎದುರಿಗೆ ಪಳಗಿದ ಗಂಟಲು ಅದು. ಅಂಗಳ ದಾಟಿ, ಮೆಟ್ಟಿಲು ಹತ್ತಿ, ಕೊನೆಯ ಸಾಲಿನವರ ಕಿವಿಗೂ ಗಂಟೆ ಹೊಡೆದಂತೆ ಬಿತ್ತು.

"ಇಗೋ, ಸಿಗರೇಟು ತುಂಡು. ಆರೋಗ್ಯಾಧಿಕಾರಿಗಳದ್ದು. ಗೋಡೆ ಮೇಲೆ 'ಸೇದಬೇಡಿ' ಅಂತ ಅಂಟಿಸೋದು, ಗೋಡೆ ಹಿಂದೆ ಬಂದು ಸೇದೋದು. ದಿನಾ ನಾನೇ ಹೆಕ್ಕಬೇಕು ಇವರ ಆರೋಗ್ಯಾನ."

ಹಾಡು ಎಂದುಕೊಂಡಿದ್ದೆವಲ್ಲ, ಇದು ಆ ಹಾಡು! ಅಧಿಕಾರಿ ತಮ್ಮ ಬೂಟನ್ನು ನೋಡಿಕೊಳ್ಳತೊಡಗಿದರು.

"ಮೇಷ್ಟ್ರಿಗೆ ನಿದ್ದೆ ಬೇಕಂತೆ, ನಿದ್ದೆ. ಇವರ ಗೊರಕೆಗೆ ನಮ್ಮಪ್ಪಾನೇ ಹೆದರಿ ಒಂದ್ಸಲ ಕೆಮ್ಮೋದು ಬಿಟ್ಟಿದ್ದ. ಸಕ್ಕರೆ ಕಾಯಿಲೆ ಅಂತ ಹೆಂಡ್ತಿ ಕೈಲಿ ಬೇವಿನ ಕಷಾಯ ಕುಡಿಯೋದು, ಬೇಲಿ ಸಂದೀಲಿ ಕೂತು ಮಿಠಾಯಿ ತಿನ್ನೋದು. ಕಾಗದ ಎಲ್ಲ ಬೇಲಿ ಬುಡದಲ್ಲಿ ಸಿಗಿಸ್ತಾರೆ. ಶಾಲೇಲಿ ಮಕ್ಕಳ ಜೇಬು ಹುಡುಕ್ತಿದ್ದೋರು, ಈಗ ಇವರ ಜೇಬು ಹುಡುಕೋರು ಯಾರು?"

ಮೇಷ್ಟ್ರ ಹೆಂಡತಿ ಹಿಂದಿನ ಸಾಲಿನಲ್ಲಿದ್ದರು. ನಿಧಾನವಾಗಿ ಕೆಳಗಿಳಿದು ಬಂದು ಗಂಡನ ಪಕ್ಕದಲ್ಲಿ ಕೂತರು. ಬಲಗೈ ಮಾತ್ರ ಚಾಚಿದರು. ಮೇಷ್ಟ್ರು ಜೇಬಿನಿಂದ ಎರಡು ಮಿಠಾಯಿ ತೆಗೆದು ಅದರ ಮೇಲಿಟ್ಟರು.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಅದೇ ತಪ್ಪಾಯಿತು.

"ಡಾಕ್ಟರಮ್ಮ ಒಳ್ಳೇವ್ರೇ. ಆದ್ರೆ ಅವರ ಹಲ್ಲು ಹುಳುಕಾದ್ರೆ ಬಸ್ ಹತ್ಕೊಂಡು ಪಕ್ಕದ ಊರಿಗೆ ಹೋಗಿ ತೋರಿಸ್ಕೋತಾರೆ. ಟಿಕೆಟ್ಟು ಹುಲ್ಲಲ್ಲಿ ಬಿದ್ದಿತ್ತಲ್ಲ, ಅವತ್ತೇ ಕೆನ್ನೆ ಊದಿತ್ತು. ತನ್ನ ಕೈ ಮೇಲೆ ತನಗೇ ಧೈರ್ಯ ಇಲ್ಲ, ನಮ್ಮಪ್ಪನ ಮೇಲೆ ದೂರು ಹೇಳ್ತಾರೆ."

ಡಾಕ್ಟರಮ್ಮನ ಬಾಯಿ ಪಕ್ಕನೆ ಮುಚ್ಚಿತು. ಜನರಿಗೆ ನಗಲು ಆಸೆ, ಆದರೆ ಮುಂದಿನ ಸರದಿ ತಮ್ಮದಾದರೆ ಎಂಬ ಭಯ. ಕೆಲವರು ಸದ್ದಿಲ್ಲದೆ ಎದ್ದು ಹಿಂದಕ್ಕೆ ಸರಿದರು. ನನ್ನ ಅಂಗಳದ ಹುಲ್ಲನ್ನು ಕಳೆದ ವಾರ ನಾನೇ ಕತ್ತರಿಸಿಕೊಳ್ಳಬಾರದಿತ್ತೇ ಎಂದು ನಾನೂ ಒಂದು ಕ್ಷಣ ಯೋಚಿಸಿದೆ.

ಗುಡುಗಣ್ಣನಿಗೂ ಕೇಳಿಸುತ್ತಿತ್ತು. ಯಂತ್ರ ತಳ್ಳುತ್ತಾ ತಳ್ಳುತ್ತಾ ಅವನ ಮೀಸೆ ಮೊದಲು ಬೆದರಿತು, ಆಮೇಲೆ ಅದುರಿತು, ಆಮೇಲೆ ತುದಿಗಳೆರಡೂ ಮೇಲಕ್ಕೆದ್ದವು. ಆದರೆ ಅವಳನ್ನು ಕರೆದು ನಿಲ್ಲಿಸಲಿಲ್ಲ. ಕೊನೆಯ ಗೆರೆ ಬಂತು. ಮುಂದೆ ಹೂವಿನ ಪಾತಿ. ಸೊಂಟ ತಿರುಗಿಸಬೇಕಾದ ಜಾಗ. ಅವನು ಹಿಡಿಯನ್ನು ಗಟ್ಟಿಯಾಗಿ ಹಿಡಿದ. ಕ್ಷೌರದವನು ಮೆಟ್ಟಿಲ ಮೇಲಿಂದ ಸೀನುವ ಹಾಗೆ ಮಾಡಿ ತೋರಿಸುತ್ತಿದ್ದ.

ಮಿಂಚಕ್ಕ ಪಾತಿಯ ಅಂಚಿನಿಂದ ಒಂದು ಕಲ್ಲು ಹೆಕ್ಕಿ ಬಕೆಟ್ಟಿಗೆ ಹಾಕಿದಳು.

"ಈಗ ಸೊಟ್ಟ ಹೊಡೀಬೇಕು ನಮ್ಮನೆಯವರು. ಹೊಡೀರಿ ಅಂತ ನಾನೇ ಹೇಳ್ದೆ. ಅವರ ಕೈಲಿ ಆಗಲ್ಲ, ನಂಗೆ ಗೊತ್ತು. ಈ ಊರಲ್ಲಿ ಹಿಂದೊಂದು ಮುಂದೊಂದು ಇಲ್ಲದೆ ನೆಟ್ಟಗೆ ನಡೆಯೋ ಗಂಡಸು ಅಂದ್ರೆ ಇವರೊಬ್ಬರೇ. ಮುಖದ ಮೇಲೆ ಹೇಳಿದ್ರೆ ಕೊಬ್ಬಿ ಹೋಗ್ತಾರೆ ಅಂತ ಹೇಳಿಲ್ಲ. ಕಲ್ಲು ಹೆಕ್ಕೋಕೆ ನಂಗೇನು ಹುಚ್ಚಾ? ಇವರ ಗೆರೆ ನೋಡ್ತಾ ಮುಂದೆ ನಡೆಯೋದು ಚೆಂದ ಅಂತ ಬರ್ತೀನಿ, ಅಷ್ಟೇ. ಅಪ್ಪ ಹೋದ್ರೂ ಹೋಗ್ಲಿ ಬಿಡು..."

ಯಂತ್ರ ಬೆಕ್ಕಿನಂತೆ ಗುರುಗುಟ್ಟಿತು. ಗುಡುಗಣ್ಣನ ಸೊಂಟ ತಿರುಗಲಿಲ್ಲ. ಹೂವಿನ ಪಾತಿಯ ಪಕ್ಕದಲ್ಲಿ, ಒಂದು ಎಸಳಿಗೂ ತಾಗದೆ, ಕೊನೆಯ ಗೆರೆ ಬಾಣದ ಹಾಗೆ ಹೋಗಿ ಮುಗಿಯಿತು. ಅವನು ಗುಂಡಿ ಒತ್ತಿ ನಿಲ್ಲಿಸಿದ. ಮಾವ ಸೋತ.

ಅಂಗಳದಲ್ಲಿ ಎಲೆ ಬಿದ್ದರೂ ಕೇಳಿಸುವ ಮೌನ. ಆ ಮೌನದಲ್ಲಿ ಮಿಂಚಕ್ಕನ ಕೊನೆಯ ಮಾತು, "...ಈ ಹೊಸದು ಮೇಕೆ ಮೇದ ಹಾಗೆ ಕತ್ತರಿಸುತ್ತೆ," ಎಂಬುದು ಒಂಟಿಯಾಗಿ ನಿಂತಿತು. ಅವಳು ತಿರುಗಿ ನೋಡಿದಳು. ಮೆಟ್ಟಿಲ ತುಂಬ ಮುಖಗಳು, ಎಲ್ಲವೂ ಅವಳ ಕಡೆಗೇ. ಬಕೆಟ್ಟು ಕೈಯಿಂದ ಜಾರಿ ಬಿತ್ತು. ಕೆನ್ನೆ ಎಷ್ಟು ಕೆಂಪಾಯಿತೆಂದರೆ, ಪಾತಿಯ ಗುಲಾಬಿಗಳು ನಾಚಿ ಬಿಳುಚಿಕೊಂಡವು.

ಮೊದಲು ಎದ್ದವರು ಮೇಷ್ಟ್ರು. "ಅಧ್ಯಕ್ಷೆಯವರೇ, ನಾನು ದೂರು ಹಿಂದಕ್ಕೆ ತಗೋತೀನಿ. ಹಳೇ ಯಂತ್ರ... ಅದರ ಸದ್ದಿಗೆ ಒಂದು ಗಾಂಭೀರ್ಯ ಇತ್ತು. ಅದೇ ಇರ್ಲಿ."

"ಅಭ್ಯಾಸ ಆಗಿಹೋಗಿದೆ," ಎಂದರು ಆರೋಗ್ಯಾಧಿಕಾರಿ. "ಆರೋಗ್ಯಕ್ಕೂ ಅಂಥ ತೊಂದರೆ ಏನಿಲ್ಲ."

ಡಾಕ್ಟರಮ್ಮ ಕೆನ್ನೆಗೆ ಕೈ ಒತ್ತಿಕೊಂಡಿದ್ದರು. "ಸದ್ದು ಕೂಡ ಒಂದೊಂದ್ಸಲ ಬೇಕಾಗುತ್ತೆ," ಎಂದರು. "ಗೆರೆ ನೆಟ್ಟಗೇ ಬಂದಿದೆ, ಆದ್ರೂ ಪರವಾಗಿಲ್ಲ. ಗುಡುಗಣ್ಣಾ, ನಿಮ್ಮ ಮಾವನ್ನ ನೀವು ಇಟ್ಕೊಳ್ಳಿ. ನಾಳೆಯಿಂದಲೇ ಓಡಿಸಿ. ಬೇಕಾದ್ರೆ ಇವತ್ತೇ ಓಡಿಸಿ."

ಮೌನ ಬೇಡಿ ದೂರು ಕೊಟ್ಟವರು ಸದ್ದಿಗಾಗಿ ಕೈ ಮುಗಿಯುವುದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಕ್ಷೌರದವನು ಟೋಪಿ ಹಾರಿಸಿದ. ಎಲ್ಲರೂ ಗುಡುಗಣ್ಣನನ್ನು ನೋಡಿದರು. ಅವನು ಬೇಡಿದ್ದು ಬಾಯಿಗೇ ಬಂದು ಬಿದ್ದಿತ್ತು.

ಅವನು ಹೊಸ ಯಂತ್ರದ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಬೇಡ ಡಾಕ್ಟರಮ್ಮ," ಎಂದ. "ನಿಯಮ ಪಾಸು ಮಾಡಿ."

"ಯಾಕಪ್ಪಾ?" ಡಾಕ್ಟರಮ್ಮನ ದನಿಯಲ್ಲಿ ಅಳುವಿತ್ತು.

"ಇಷ್ಟು ವರ್ಷ ಮಾವನ ಮಾತು ಕೇಳಿದ್ದಾಯ್ತು. ಇನ್ನು ಮಾವನ ಮಗಳದ್ದೂ ಒಂಚೂರು ಕೇಳ್ತೀನಿ."

ನಿಯಮ ಪಾಸಾಯಿತು. ಕೊಟ್ಟ ಮಾತು ತಪ್ಪುವಂತಿರಲಿಲ್ಲ. ಕೈ ಎತ್ತಿದವರ ಮುಖ ಮಾತ್ರ, ಅರಿವಳಿಕೆ ಇಲ್ಲದೆ ಹಲ್ಲು ಕೀಳಿಸಿಕೊಳ್ಳುವವರ ಹಾಗಿತ್ತು.

ಆದರೆ ಮಿಂಚಕ್ಕನ ಬಾಯಿಗೆ ಬೀಗ ಬಿತ್ತು. ಅವಮಾನವೋ ನಾಚಿಕೆಯೋ, ಬಕೆಟ್ಟು ಹಿಡಿದು ಮುಂದೆ ಮುಂದೆ ನಡೆಯುತ್ತಾಳೆ, ಕಲ್ಲು ಹೆಕ್ಕುತ್ತಾಳೆ, ತುಟಿ ಮಾತ್ರ ಹೊಲಿದಂತೆ. ಹಿಂದೆ ಗುಡುಗಣ್ಣ ಕಿವಿ ಅರಳಿಸಿಕೊಂಡು ಯಂತ್ರ ತಳ್ಳುತ್ತಾನೆ. ಏನೂ ಇಲ್ಲ. ಬೀದಿಯಲ್ಲಿ ಎಲ್ಲರ ಕಿಟಕಿ ಒಂದಂಗುಲ ತೆರೆದಿರುತ್ತಿತ್ತು, ತಮ್ಮ ಬಗ್ಗೆ ಬೇಡ, ಪಕ್ಕದ ಮನೆಯವರ ಬಗ್ಗೆ ಏನಾದರೂ ಬಂದೀತೇ ಎಂದು. ಎಂಥ ಮೌನವೆಂದರೆ, ಹುಲ್ಲು ಬೆಳೆಯುವ ಸದ್ದು ಕೇಳಿ ನಾಯಿಗಳು ಬೊಗಳುತ್ತಿದ್ದವು.

"ಲೇ, ಏನಾದ್ರೂ ಮಾತಾಡೇ," ಎಂದ ಗುಡುಗಣ್ಣ ಒಂದು ದಿನ. ಮದುವೆಯಾದ ಮೇಲೆ ಅವನು ಹೆಂಡತಿಗೆ ಹಾಗೆ ಹೇಳಿದ್ದು ಅದೇ ಮೊದಲಿರಬೇಕು. ಬೇರೆ ಗಂಡಂದಿರು ಕೇಳಿದ್ದರೆ ಅವನನ್ನು ಆಸ್ಪತ್ರೆಗೆ ಸೇರಿಸುತ್ತಿದ್ದರು.

"ಏನು ಮಾತಾಡ್ಲಿ? ಎಲ್ರಿಗೂ ಕೇಳ್ಸುತ್ತೆ."

"ನಂಗೆ ಕೇಳ್ಸ್ಲಿ ಅಂತ."

ಅವಳು ಬಕೆಟ್ಟು ಎತ್ತಿಕೊಂಡು ಮುಂದೆ ನಡೆದಳು.

ಮರುದಿನ ಕೆಲಸ ಡಾಕ್ಟರಮ್ಮನ ಮನೆಯ ಅಂಗಳದಲ್ಲಿ. ಅವರು ಕಿಟಕಿ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರೆಂದು ಆಮೇಲೆ ಅವರೇ ಹೇಳಿದರು. ಹುಲ್ಲಿನ ನಡುವೆ ಅವರು ಹೊಸದಾಗಿ ತಂದು ನಿಲ್ಲಿಸಿದ್ದ ಒಂದು ಸಿಮೆಂಟಿನ ಬಾತುಕೋಳಿ ಇತ್ತು. ಬಿಳಿ ಬಣ್ಣ, ಹಳದಿ ಕೊಕ್ಕು, ಬಾಯಿ ಅಗಲವಾಗಿ ತೆರೆದು ಆಕಾಶ ನೋಡುತ್ತಿತ್ತು. ಅದನ್ನು ಪಕ್ಕಕ್ಕಿಡಲು ಬಗ್ಗಿದ ಮಿಂಚಕ್ಕ ಹಾಗೇ ನಿಂತಳು. ಬಾತುಕೋಳಿಯ ಬಾಯೊಳಗೆ ಇಣುಕಿದಳು. ತಿರುಗಿ, ಮನೆಗೇ ಅಂಟಿಕೊಂಡ ಆಸ್ಪತ್ರೆಯ ಬೋರ್ಡು ನೋಡಿದಳು. ಮತ್ತೆ ಬಾಯೊಳಗೆ ಇಣುಕಿದಳು. ಅವಳ ಭುಜ ಕುಲುಕತೊಡಗಿತು. ಗುಡುಗಣ್ಣ ತಕ್ಷಣ ಗುಂಡಿ ಒತ್ತಿ ಯಂತ್ರ ನಿಲ್ಲಿಸಿ ಕಾದ.

"ಅಯ್ಯಯ್ಯೋ ರೀ!" ಎಂದಳು ಮಿಂಚಕ್ಕ, ಮೂರು ಬೀದಿಗೆ ಕೇಳುವ ಹಾಗೆ. "ಈ ಡಾಕ್ಟರಮ್ಮ ಇದರ ಬಾಯಲ್ಲೂ ಒಂದು ಹಲ್ಲು ಉಳಿಸಿಲ್ಲವಲ್ರೀ!"

ಪರದೆಯ ಹಿಂದಿನಿಂದ ಮೊದಲು ನಕ್ಕವರು ಡಾಕ್ಟರಮ್ಮನೇ.